ಮೇಫ್ಲವರ್‌ವರೆಗೆ ವಂಶ ಹುಡುಕುವುದು ಹೇಗೆ

ನಮ್ಮ ಬೀಗರು ಅಮೆರಿಕದ ಮ್ಯಾಸಚೂಸೆಟ್ಸ್‌ನವರು. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಅಲ್ಲಿಗೆ ಬಂದವರ ವಂಶ ತಮ್ಮದು ಅಂತ ಹೇಳುತ್ತಾರೆ. ಸೊಸೆಗಾಗಿ ಆ ವಂಶದ ಕೊಂಡಿ ಹುಡುಕಲು ಕೂತೆ.

ಹಡಗಿನಿಂದ ಶುರು ಮಾಡಬೇಡಿ. ಸೊಸೆ, ಅವಳ ಅಪ್ಪ, ಅಜ್ಜ ಅಂತ ಹಿಂದಕ್ಕೆ ಹೋಗಿ. ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಬೇಕು. ಅಮೆರಿಕದ ಜನಗಣತಿ 1950ರವರೆಗಿನದು ಸಿಗುತ್ತದೆ, ಫ್ಯಾಮಿಲಿಸರ್ಚ್ ಅನ್ನೋ ವಂಶ ಹುಡುಕುವ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. 1890ರದ್ದು ಮಾತ್ರ ಬಹುಪಾಲು ಇಲ್ಲ, 1921ರ ಬೆಂಕಿಯಲ್ಲಿ ಹಾಳಾಯಿತು. 1850ಕ್ಕಿಂತ ಹಿಂದೆ ಹೋದರೆ ಮನೆ ಯಜಮಾನನ ಹೆಸರಷ್ಟೇ. ಹೆಂಡತಿ, ಮಕ್ಕಳು ಬರೀ ತಲೆ ಲೆಕ್ಕ!

ಆಗ ಕೈಹಿಡಿಯುವುದು ಉಯಿಲು. ನನಗೆ ಜಾಸ್ತಿ ಇಷ್ಟವೂ ಅದೇ. ಮಗನಿಗೆ ಜಮೀನು, ಹೆಂಡತಿಗೆ ಹಾಸಿಗೆ, ಹಸು, ಮಗಳಿಗೆ ಪಾತ್ರೆ ಅಂತ ಮನೆಯೇ ಕಣ್ಣಮುಂದೆ ಬರುತ್ತದೆ. ಮದುವೆಯಾದ ಮಗಳ ಹೆಸರಿನ ಪಕ್ಕ ಗಂಡನ ಮನೆತನದ ಹೆಸರೂ ಇದ್ದರೆ ಕೊಂಡಿ ಸಿಕ್ಕಿತು ಅಂತಲೇ ಲೆಕ್ಕ. ಉಯಿಲು ಇಲ್ವಾ? ಕ್ರಯಪತ್ರ ಹುಡುಕಿ.

ತಾರೀಕಿನಲ್ಲಿ ಹುಷಾರು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ 'ಫೆಬ್ರವರಿ 1731/32' ಅಂತೆಲ್ಲ ಕಾಣುತ್ತದೆ, ಅಂದರೆ ಹಳೆ ಲೆಕ್ಕದಲ್ಲಿ 1731, ಈಗಿನ ಲೆಕ್ಕದಲ್ಲಿ 1732. ಅದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಇನ್ನು ಆನ್‌ಲೈನ್ ವಂಶವೃಕ್ಷಗಳನ್ನು ಸುಮ್ನೆ ನಂಬಬೇಡಿ. ಒಬ್ಬರದ್ದನ್ನು ಇನ್ನೊಬ್ಬರು ಇಳಿಸಿಕೊಂಡಿರುತ್ತಾರೆ. ಹಡಗಿನವರ ಮೊದಲ ಐದು ತಲೆಮಾರುಗಳನ್ನು ಮೇಫ್ಲವರ್ ವಂಶಸ್ಥರ ಸಂಘವೇ ದಾಖಲೆ ಸಮೇತ ಸಂಪುಟಗಳಾಗಿ ಅಚ್ಚು ಹಾಕಿಸಿದೆ. ನಿಮ್ಮ ಸರಪಳಿ ಅಲ್ಲಿಗೆ ಮುಟ್ಟಿದರೆ ಸಾಕು.