ಅಡಿಕೆ ತೋಟದ ಮಣ್ಣಲ್ಲಿ ಅಪರೂಪದ ಅಮೀಬಾ: ಹಿಡಿಯುವುದು, ಗುರುತಿಸುವುದು, ಹೆಸರಿಡುವುದು

ಅಪರೂಪದ ಅಮೀಬಾಗಳು ಕಣ್ಣಿಗೆ ಬೀಳದೇ ಹೋಗುವುದಕ್ಕೆ ಅವು ಮಣ್ಣಲ್ಲಿ ಕಡಿಮೆ ಇವೆ ಎಂಬುದೊಂದೇ ಕಾರಣವಲ್ಲ. ಎಷ್ಟೋ ಸಲ ಅವನ್ನು ಬೆಳೆಸುವ ಪ್ಲೇಟಿನ ಮೇಲೆ ಕಳೆದುಕೊಳ್ಳುವವರು ನಾವೇ. ಅಗರ್ (ಕಡಲಪಾಚಿಯ ಜೆಲ್ಲಿ) ಮೇಲೆ ಅಮೀಬಾಗಳ ಆಹಾರವಾಗಿ ಇ. ಕೋಲೈ ಬ್ಯಾಕ್ಟೀರಿಯಾ ದಪ್ಪಗೆ ಸವರಿ, ಮಣ್ಣು ಹಾಕಿ, 30 ಡಿಗ್ರಿಯಲ್ಲಿ ಇಟ್ಟರೆ ಮೂರು ದಿನಕ್ಕೆಲ್ಲ ಅಕಾಂತಮೀಬಾ, ನೆಗ್ಲೇರಿಯಾ ಎಂಬ ಸಾಮಾನ್ಯ ಅಮೀಬಾಗಳು ಪ್ಲೇಟ್ ತುಂಬ ಹರಡಿಕೊಳ್ಳುತ್ತವೆ. ನಿಧಾನಕ್ಕೆ ಬೆಳೆಯುವ ಸಪ್ಪಿನಿಯಾ, ಲೆಪ್ಟೊಮಿಕ್ಸಾ, ಕಾಕ್ಲಿಯೋಪೋಡಿಯಂಗಳಿಗೆ ತಿನ್ನಲು ಏನೂ ಉಳಿದಿರುವುದಿಲ್ಲ. ಹಾಗಾಗಿ ನನ್ನ ಕ್ರಮದಲ್ಲಿ ಅರ್ಧ ಕೆಲಸ ಸಾಮಾನ್ಯ ಜಾತಿಗಳನ್ನು ತಡೆಹಿಡಿಯುವುದೇ.

ಸೋಗೆ ಕೊಳೆತಿರುವ ಜಾಗದಲ್ಲಿ ಮೇಲಿನ 5 ಸೆಂ.ಮೀ. ಒಳಗಿನ ಒದ್ದೆ ಮಣ್ಣನ್ನು ತೆಗೆಯುತ್ತೇನೆ. ಸಪ್ಪಿನಿಯಾ ಬೇಕಿದ್ದರೆ ಕೊಟ್ಟಿಗೆ ಪಕ್ಕದ ಹಳೆ ಸಗಣಿಯೂ ಒಳ್ಳೆಯದು. ಮಣ್ಣನ್ನು ಒಣಗಿಸಬಾರದು. ಒಣಗಿದರೆ ಸಿಸ್ಟ್ (ಗಟ್ಟಿ ಗೋಡೆಯ ಸುಪ್ತ ರೂಪ) ಕಟ್ಟಿಕೊಳ್ಳಬಲ್ಲವು ಮಾತ್ರ ಉಳಿಯುತ್ತವೆ, ಅಂದರೆ ಮತ್ತೆ ಅಕಾಂತಮೀಬಾದ ಕೈಯೇ ಮೇಲಾಗುತ್ತದೆ. ಚೀಲದ ಬಾಯಿ ಸಡಿಲ ಬಿಟ್ಟು, ನೆರಳಲ್ಲಿಟ್ಟು, ಎರಡು ದಿನದೊಳಗೆ ಪ್ಲೇಟಿಗೆ ಹಾಕಬೇಕು. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ತೋಟವಾದರೆ ಯಾವಾಗ ಹೊಡೆದದ್ದೆಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ತಾಮ್ರ ಮಣ್ಣಲ್ಲಿ ಉಳಿಯುವಂಥದ್ದು. ಪ್ಲೇಟ್ ಖಾಲಿ ಬಂದಾಗ ಆ ಟಿಪ್ಪಣಿ ಬೇಕಾಗುತ್ತದೆ.

ನೀರಿನ ಬದಲು ಪೇಜ್ ಸಲೈನ್ ಎಂಬ ತೆಳು ಲವಣ ದ್ರಾವಣ ಬಳಸುತ್ತೇನೆ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 120 ಮಿ.ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 4, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 4, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 142, ಪೊಟಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 136. ಮೊದಲ ಮೂರನ್ನು ಒಂದು ಬಾಟಲಿಯಲ್ಲಿ, ಫಾಸ್ಫೇಟ್ ಎರಡನ್ನು ಇನ್ನೊಂದರಲ್ಲಿ, ನೂರು ಪಟ್ಟು ಗಟ್ಟಿಯಾಗಿ ಮಾಡಿಟ್ಟುಕೊಂಡು ಲೀಟರಿಗೆ ತಲಾ 10 ಮಿ.ಲೀ. ಹಾಕುತ್ತೇನೆ. ಗಟ್ಟಿ ದ್ರಾವಣಗಳನ್ನು ನೇರ ಸೇರಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಇನ್ನೊಂದು ಎಚ್ಚರ: 142 ಎಂಬುದು ಜಲರಹಿತ ಫಾಸ್ಫೇಟಿನ ಲೆಕ್ಕ. ಬಾಟಲಿಯ ಮೇಲೆ ಡೈಹೈಡ್ರೇಟ್ ಎಂದಿದ್ದರೆ 178 ಮಿ.ಗ್ರಾಂ ತೂಗಬೇಕು.

ಇದೇ ಸಲೈನಿಗೆ ಲೀಟರಿಗೆ 15 ಗ್ರಾಂ ಅಗರ್ ಹಾಕಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ), 90 ಮಿ.ಮೀ. ಪ್ಲೇಟಿಗೆ ಸುಮಾರು 20 ಮಿ.ಲೀ. ಹುಯ್ಯುತ್ತೇನೆ. ಪೋಷಕ ಏನೂ ಬೇಡ. ಮಣ್ಣನ್ನು ಕಲಸಿ ಸುರಿಯುವುದಿಲ್ಲ. ಸಾಸಿವೆ ಕಾಳಿನಷ್ಟು ದೊಡ್ಡ ಐದಾರು ಹರಳುಗಳನ್ನು ದೂರ ದೂರ ಇಡುತ್ತೇನೆ. ಅರ್ಧ ಪ್ಲೇಟುಗಳಿಗೆ ತೆಳ್ಳಗಿನ ಇ. ಕೋಲೈ ಎರಡೇ ಹನಿ, ಉಳಿದರ್ಧಕ್ಕೆ ಅದೂ ಇಲ್ಲ, ಮಣ್ಣಿನದೇ ಬ್ಯಾಕ್ಟೀರಿಯಾ ಸಾಕು. ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಮೇಣದ ಹಾಳೆ ಸುತ್ತಿ 22ರಿಂದ 25 ಡಿಗ್ರಿಯಲ್ಲಿ ಮೂರು ವಾರದವರೆಗೂ ಇಡುತ್ತೇನೆ.

ದಿನಾ ಒಮ್ಮೆ ಪ್ಲೇಟನ್ನು ಮಗುಚಿ 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಪ್ರತಿ ಹರಳಿನ ಅಂಚನ್ನೂ ಸುತ್ತು ಹಾಕಿ ನೋಡಬೇಕು. ಯಾವ ಹರಳಿನಿಂದ ಅಕಾಂತಮೀಬಾ ಹೊರಟಿತೋ ಆ ಹರಳನ್ನು ಸುತ್ತಲಿನ ಅಗರ್ ಸಮೇತ ಅಂದೇ ಕೆತ್ತಿ ತೆಗೆದುಬಿಡುತ್ತೇನೆ. ಇಷ್ಟು ಮಾಡಿದರೂ ಫಲಿತಾಂಶ ತುಂಬಾ ಬದಲಾಗುತ್ತದೆ. ಬೇರೆ ರೀತಿಯ ಜೀವಕೋಶ ಕಂಡರೆ ಪ್ಲೇಟಿನ ಬೆನ್ನಿಗೆ ಮಾರ್ಕರ್ ಚುಕ್ಕೆ ಇಟ್ಟು, 5 ಮಿ.ಮೀ. ಚೌಕದ ಅಗರ್ ತುಂಡು ಕತ್ತರಿಸಿ, ಹೊಸ ಪ್ಲೇಟಿನ ಮೇಲೆ ಬೋರಲು ಹಾಕುತ್ತೇನೆ. ಶಿಲೀಂಧ್ರ ಹಬ್ಬಿದರೆ ಸೈಕ್ಲೋಹೆಕ್ಸಿಮೈಡ್ ಎಂಬ ಶಿಲೀಂಧ್ರನಾಶಕ ಹಾಕುವ ಆಸೆ ಬೇಡ, ಅದು ಅಮೀಬಾವನ್ನೂ ಬಿಡುವುದಿಲ್ಲ. ನೂಲಿಗಿಂತ ಮುಂದೆ ಓಡಿರುವ ಅಮೀಬಾ ಇರುವ ತುಂಡನ್ನು ಮೂರು ನಾಲ್ಕು ಸಲ ಹೊಸ ಪ್ಲೇಟಿಗೆ ದಾಟಿಸುವುದೇ ದಾರಿ. ಮೈಟ್ ನುಸಿ ಬಂದರೆ ಮಾತ್ರ ಆ ಪ್ಲೇಟನ್ನು ಕೂಡಲೇ ಆಟೋಕ್ಲೇವ್‌ಗೆ ಹಾಕಬೇಕು. ಅವು ಪ್ಲೇಟಿಂದ ಪ್ಲೇಟಿಗೆ ನಡೆದು ಎಲ್ಲವನ್ನೂ ಬೆರೆಸಿಬಿಡುತ್ತವೆ.

ಗುರುತಿಸುವ ಕೆಲಸ ಅಗರ್ ಮೇಲೆ ಆಗುವುದಿಲ್ಲ. ಅಲ್ಲಿ ಎಲ್ಲವೂ ಚಪ್ಪಟೆ. ಒಂದಿಷ್ಟು ಕೆರೆದು ಸಲೈನ್ ಹನಿಯಲ್ಲಿ ಗಾಜಿನ ಮೇಲೆ ಬಿಟ್ಟು, ಅರ್ಧ ಗಂಟೆ ಮುಟ್ಟದೇ ಇರಬೇಕು. ಆಗ ತಾನೇ ಕೆರೆದ ಅಮೀಬಾ ಉಂಡೆಯಾಗಿರುತ್ತದೆ, ಇಲ್ಲವೇ ನಕ್ಷತ್ರದಂತೆ ಕೈ ಚಾಚಿ ತೇಲುತ್ತಿರುತ್ತದೆ. ಅದು ತೇಲುವಾಗಿನ ರೂಪ ಅಷ್ಟೇ. ಅದನ್ನು ನೋಡಿ ಹೊಸ ಜಾತಿ ಎಂದು ಫೋಟೋ ತೆಗೆದು ಸಂಭ್ರಮಿಸುವವರು ಬಹಳ. ನೆಲಕ್ಕೆ ಅಂಟಿ, ಒಂದೇ ದಿಕ್ಕಿಗೆ ಸಾಗುತ್ತಿರುವಾಗಿನ ರೂಪವೇ ಲೆಕ್ಕಕ್ಕೆ. ಫೇಸ್ ಕಾಂಟ್ರಾಸ್ಟ್ ಅಥವಾ ಡಿಐಸಿಯಲ್ಲಿ (ಬಣ್ಣ ಹಾಕದೆಯೇ ಜೀವಕೋಶವನ್ನು ಸ್ಪಷ್ಟವಾಗಿ ತೋರುವ ಸೂಕ್ಷ್ಮದರ್ಶಕ ವಿಧಾನಗಳು) ಕನಿಷ್ಠ 50 ಜೀವಕೋಶಗಳ ಉದ್ದ, ಅಗಲ, ನ್ಯೂಕ್ಲಿಯಸ್, ಅದರೊಳಗಿನ ನ್ಯೂಕ್ಲಿಯೋಲಸ್ ಅಳೆದು, ಉದ್ದ-ಅಗಲದ ಅನುಪಾತವನ್ನೂ ಬರೆಯುತ್ತೇನೆ.

ಬಸವನ ಹುಳುವಿನಂತೆ ಒಂದೇ ಮಿಥ್ಯಾಪಾದದಲ್ಲಿ (ದೇಹ ಚಾಚಿ ಮಾಡಿಕೊಳ್ಳುವ ತಾತ್ಕಾಲಿಕ ಕಾಲು) ಸಾಗುವವುಗಳಲ್ಲಿ ಮೊದಲು ನೋಡಬೇಕಾದ್ದು ಮುಂತುದಿ. ಅದು ಒಂದು ಪಕ್ಕಕ್ಕೆ ಫಟ್ಟನೆ ಉಕ್ಕಿ, ಮತ್ತೆ ಇನ್ನೊಂದು ಪಕ್ಕಕ್ಕೆ ಉಕ್ಕುತ್ತಿದ್ದರೆ ನೆಗ್ಲೇರಿಯಾ ಸೇರುವ ಹೆಟೆರೋಲೋಬೋಸಿಯಾ ಗುಂಪು. ಒಂದೇ ಸಮ ಹರಿಯುತ್ತಿದ್ದರೆ ಟ್ಯೂಬುಲೀನಿಯಾ ಗುಂಪಿನ ಕಡೆಯದು, ಉದಾಹರಣೆಗೆ ವರ್ಮಮೀಬಾ. ಉಕ್ಕುವುದನ್ನು ಬಟ್ಟಿ ಇಳಿಸಿದ ನೀರಿಗೆ ಹಾಕಿ 30 ಡಿಗ್ರಿಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ನಾಲ್ಕು ಗಂಟೆವರೆಗೆ ನೋಡುತ್ತೇನೆ. ನೆಗ್ಲೇರಿಯಾ ಆದರೆ ಪೇರು ಹಣ್ಣಿನಾಕಾರ ತಾಳಿ ಎರಡು ಕಶಾಂಗ (ಚಾವಟಿಯಂಥ ಎಳೆ) ಬೀಸುತ್ತಾ ಈಜತೊಡಗುತ್ತದೆ. ಈಜದಿದ್ದರೆ ನೆಗ್ಲೇರಿಯಾ ಅಲ್ಲ ಎಂದು ಬರೆಯಬೇಡಿ, ಎಷ್ಟೇ ಕಾದರೂ ಈಜದ ತಳಿಗಳಿವೆ.

ಸಪ್ಪಿನಿಯಾ ನನಗೆ ಬಲು ಇಷ್ಟದ್ದು. ಫ್ರೆಂಚ್ ವಿಜ್ಞಾನಿ ದಾಂಗ್ಯಾರ್ 1896ರಲ್ಲೇ ವಿವರಿಸಿದ ಕುಲ. ಸುಮಾರು 50 ಮೈಕ್ರಾನಿನ, ಎಲೆಯಂತೆ ಚಪ್ಪಟೆಯಾದ ದೇಹ, ಮುಂದುಗಡೆ ಪಾರದರ್ಶಕ ಅಂಚು. ಫೋಕಸ್ ಸ್ವಲ್ಪ ಇಳಿಸಿದರೆ ಒಳಗೆ ಎರಡು ನ್ಯೂಕ್ಲಿಯಸ್ ಒಂದಕ್ಕೊಂದು ಒತ್ತಿ ಕೂತಿರುತ್ತವೆ. ತಾಗುವ ಕಡೆ ಎರಡೂ ಚಪ್ಪಟೆ, ಇಬ್ಭಾಗವಾದ ಬೇಳೆಯ ಹಾಗೆ. ಅಗರ್ ಮೇಲೆ ಪೆಡಾಟಾ ಜಾತಿ ಕಾಂಡವೂರಿ ಎದ್ದು ನಿಲ್ಲುವುದನ್ನು ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಆದರೆ ಒಂದು ಜೀವಕೋಶದಲ್ಲಿ ಎರಡು ನ್ಯೂಕ್ಲಿಯಸ್ ಕಂಡ ಮಾತ್ರಕ್ಕೆ ಸಪ್ಪಿನಿಯಾ ಆಗದು, ವಿಭಜನೆಯ ಹೊತ್ತಿನಲ್ಲಿ ಯಾವುದರಲ್ಲೂ ಎರಡು ಕಾಣಬಹುದು. ಹೆಚ್ಚುಕಡಿಮೆ ಎಲ್ಲದರಲ್ಲೂ ಜೋಡಿಯೇ ಇರಬೇಕು.

ಅಕಾಂತಮೀಬಾದಲ್ಲಿ ಮುಳ್ಳಿನಂಥ ಮಿಥ್ಯಾಪಾದಕ್ಕಿಂತ ಸಿಸ್ಟ್ ಮುಖ್ಯ. ಪುಸ್ಸಾರ್, ಪೋನ್ಸ್ ಎಂಬ ವಿಜ್ಞಾನಿಗಳ 1977ರ ವಿಂಗಡಣೆಯಂತೆ, ಸಿಸ್ಟ್ ಸರಾಸರಿ 18 ಮೈಕ್ರಾನ್ ಅಥವಾ ಹೆಚ್ಚಿದ್ದು, ನಕ್ಷತ್ರದಂಥ ಒಳಗೋಡೆ ಹೊರಗೋಡೆಯಿಂದ ದೂರವಿದ್ದರೆ ಒಂದನೇ ಗುಂಪು; ಚಿಕ್ಕದಾಗಿ ಸುಕ್ಕಿನ ಹೊರಗೋಡೆ ಇದ್ದರೆ ಎರಡನೆಯದು; ತೆಳು ನಯ ಹೊರಗೋಡೆ, ದುಂಡಗಿನ ಒಳಗೋಡೆ ಇದ್ದರೆ ಮೂರನೆಯದು. ವಾರ ತುಂಬದ ಸಿಸ್ಟ್ ಅಳೆದರೆ ಗುಂಪೇ ತಪ್ಪುತ್ತದೆ. ಇದರಿಂದ ಜಾತಿ ತಿಳಿಯದು. ಅದಕ್ಕೆ 18ಎಸ್ ಎಂಬ ರೈಬೋಸೋಮ್ ಆರ್‌ಎನ್‌ಎ ಜೀನಿನ ಅನುಕ್ರಮ ನೋಡಿ ಹೇಳುವ ಟಿ1, ಟಿ2 ಎಂಬ ಜೀನೋಟೈಪ್ ಲೆಕ್ಕವೇ ಈಗ ನಡೆಯುವುದು.

ಡಿಎನ್ಎಗೆ ಹೋಗುವ ಮೊದಲು ಒಂದೇ ಜೀವಕೋಶದಿಂದ ಬೆಳೆಸಿದ ಕ್ಲೋನ್ ಇರಲೇಬೇಕು. ಎಳೆದು ಸೂಕ್ಷ್ಮವಾಗಿಸಿದ ಗಾಜಿನ ಕೊಳವೆಯಲ್ಲಿ ಒಂದನ್ನೇ ಹೀರಿ, 96 ಗುಂಡಿಯ ತಟ್ಟೆಯಲ್ಲಿ ಒಂದೊಂದು ಗುಂಡಿಗೆ ಒಂದರಂತೆ ಬಿಟ್ಟು, ಆಗಲೇ ಸೂಕ್ಷ್ಮದರ್ಶಕದಲ್ಲಿ ಎಣಿಸಿ ಖಾತ್ರಿ ಮಾಡಿಕೊಳ್ಳಬೇಕು. 18ಎಸ್ ಪ್ರೈಮರ್ (ಪಿಸಿಆರ್‌ನಲ್ಲಿ ಆ ಜೀನನ್ನು ಹುಡುಕಿ ಹಿಡಿಯುವ ಡಿಎನ್ಎ ತುಣುಕು) ಬ್ಯಾಕ್ಟೀರಿಯಾವನ್ನು ಹಿಡಿಯುವುದಿಲ್ಲ, ಆದರೆ ಶಿಲೀಂಧ್ರದ ಒಂದೆಳೆ ಇದ್ದರೂ ಅದರದೇ ಅನುಕ್ರಮ ಬರುತ್ತದೆ. ಹೆಟೆರೋಲೋಬೋಸಿಯಾದಲ್ಲಿ ಜೆಲ್ ಮೇಲಿನ ಡಿಎನ್ಎ ಪಟ್ಟಿ ನಿರೀಕ್ಷೆಗಿಂತ ಉದ್ದ ಬಂದರೆ ಕಲ್ಮಶ ಎಂದು ಎಸೆಯಬೇಡಿ. ಜೀನಿನೊಳಗೆ ಇಂಟ್ರಾನ್ ಎಂಬ ಹೆಚ್ಚುವರಿ ತುಣುಕು ಕೂತಿರಬಹುದು. ನೆಗ್ಲೇರಿಯಾದ ಜಾತಿಗೆ ರೈಬೋಸೋಮ್ ಜೀನುಗಳ ನಡುವಿನ ಐಟಿಎಸ್ ಭಾಗ ನೋಡಬೇಕು. ಹೋಲಿಸಲು ಬಳಸುವ ಸಾರ್ವಜನಿಕ ದತ್ತಕೋಶದಲ್ಲಿ ಹೆಸರು ತಪ್ಪಾಗಿ ದಾಖಲಾದ ಅನುಕ್ರಮಗಳೂ ಇವೆ. ಹಾಗಾಗಿ ಮೊದಲ ಸಾಲಲ್ಲಿ ಬಂದ ಹೆಸರನ್ನು ಎತ್ತಿಕೊಳ್ಳದೆ, ಚಿತ್ರ ಸಮೇತ ಪ್ರಕಟವಾದ ತಳಿಗೆ ಹೋಲಿಸುತ್ತೇನೆ. ರೂಪ ಒಂದು ಹೇಳಿ ಅನುಕ್ರಮ ಇನ್ನೊಂದು ಹೇಳಿದರೆ ಕುಲದ ಮಟ್ಟಕ್ಕೇ ನಿಲ್ಲಿಸುತ್ತೇನೆ.

ಮೇಜಿನ ಮೇಲೆ ತೆರೆದ ಪ್ಲೇಟಲ್ಲಿ 42 ಡಿಗ್ರಿ ಮೇಲಿನ ಬೆಳೆಸುವಿಕೆ ಮಾಡಬಾರದು, ಮೆದುಳು ಜ್ವರ ತರುವ ನೆಗ್ಲೇರಿಯಾ ಫೌಲೆರಿ ಬೆಳೆಯುವ ಶಾಖ ಅದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಕೆಲಸದ ದಿನ ಕನ್ನಡಕ ಹಾಕಿಕೊಳ್ಳಲಿ, ಅಕಾಂತಮೀಬಾ ಕಣ್ಣಿನ ಕಾರ್ನಿಯಾವನ್ನೇ ಹಾಳುಮಾಡಬಲ್ಲದು. ಸಿಸ್ಟ್ ಕಟ್ಟುವ ಕ್ಲೋನುಗಳನ್ನು ಅಗರ್ ಮೇಲೆ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಸಿಸ್ಟ್ ಕಟ್ಟದವನ್ನು ಹತ್ತು ಹದಿನೈದು ದಿನಕ್ಕೊಮ್ಮೆ ದಾಟಿಸಲೇಬೇಕು, ಎರಡೆರಡು ಪ್ಲೇಟಿಗೆ, ಎರಡು ಬೇರೆ ಕೋಣೆಯಲ್ಲಿ.