ಹ್ಯಾಮ್‌ಸ್ಟರ್ ಗೂಡು ವಾಸನೆ ಬರದಂತೆ ನೋಡಿಕೊಳ್ಳುವುದು

ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಸಾಕುಪ್ರಾಣಿಯ ಮೈಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹಿಕ್ಕೆ ಗಟ್ಟಿಯಾಗಿ ಜೀರಿಗೆಗಿಂತ ತುಸು ದಪ್ಪ ಇರುತ್ತದೆ, ಒಣಗಿದ ಮೇಲೆ ನಾರುವುದೇ ಇಲ್ಲ. ಕೋಣೆ ತುಂಬ ಹರಡುವ ಘಾಟು ಬರುವುದು ಗೂಡಿನ ತಳಕ್ಕೆ ಹರಡಿ ಉಚ್ಚೆಯಲ್ಲಿ ನೆನೆದ ಹಾಸಿನಿಂದ. ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸೆಕೆಯೂ ತೇವವೂ ಸೇರಿದರೆ ಅದು ಬೇಗ ಆಗುತ್ತದೆ. ಆದ್ದರಿಂದ ನಾನು ಗೂಡು ತೊಳೆಯುವುದು ಕಡಿಮೆ. ಒದ್ದೆಯಾದ ಜಾಗ ಹುಡುಕಿ ಅಷ್ಟನ್ನೇ ತೆಗೆಯುವುದು ಹೆಚ್ಚು.

ಹ್ಯಾಮ್‌ಸ್ಟರ್ ಸಾಮಾನ್ಯವಾಗಿ ತಾನು ಮಲಗುವ ಕಡೆಯಿಂದ ದೂರದಲ್ಲಿ, ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಆ ಮೂಲೆ ಯಾವುದೆಂದು ಗೊತ್ತಾಗದಿದ್ದರೆ ನಾಲ್ಕೂ ಮೂಲೆಗೆ ಬಿಳಿ ಟಿಶ್ಯೂ ಮಡಿಸಿಟ್ಟು ಮೇಲೊಂದು ಚಪ್ಪಟೆ ಕಲ್ಲು ಹೇರಿ. ಕಲ್ಲಿಲ್ಲದಿದ್ದರೆ ಟಿಶ್ಯೂವನ್ನು ಎಳೆದುಕೊಂಡು ಹೋಗಿ ಹಾಸಿಗೆ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಯಾವುದು ಒದ್ದೆಯೋ ಅದೇ ಮೂಲೆ. ಉಚ್ಚೆ ಹಾಲು ಬೆರೆಸಿದ ನೀರಿನಂತೆ ಮಬ್ಬಾಗಿ ಕಂಡರೆ ಗಾಬರಿ ಬೇಡ, ಅದರಲ್ಲಿ ಸುಣ್ಣದ ಅಂಶ ಇರುತ್ತದೆ.

ಆ ಮೂಲೆಗೆ ಮರಳಿನ ಬಟ್ಟಲು ಇಡುವುದು ನಾನು ಕಂಡ ಅತಿ ಒಳ್ಳೆಯ ಉಪಾಯ. ಸುಮಾರು 15 × 20 ಸೆಂ.ಮೀ. ಅಗಲದ ಪಿಂಗಾಣಿ ಅಥವಾ ಗಾಜಿನ ತಟ್ಟೆ, ಅದರಲ್ಲಿ 3–4 ಸೆಂ.ಮೀ. ಮರಳು. ಅಂಗಡಿಯ ಮರಳು ಕೊಳ್ಳುವುದಾದರೆ ದೂಳಿಲ್ಲದ್ದು, ಬಣ್ಣ ಹಾಕದ್ದು, ಸುಗಂಧ ಬೆರೆಸದ್ದು ನೋಡಿ. ಹೊಳೆಮರಳೂ ಆಗುತ್ತದೆ. ಹಿಟ್ಟಿನ ಜರಡಿಯಲ್ಲಿ ಒಮ್ಮೆ ಜರಡಿ ಹಿಡಿದು ಕೆಳಗೆ ಬೀಳುವ ನುಣ್ಣನೆ ದೂಳನ್ನು ಬಿಸಾಡಿ. ಉಳಿದದ್ದರಿಂದ ಕಲ್ಲುಚೂರು ಆರಿಸಿ, ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯಿರಿ. ಬಿಸಿಲಿಗೆ ಒಣಹಾಕಿ, ಆಮೇಲೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಗಂಟೆ ಹುರಿದು ಪೂರ್ತಿ ಆರಿಸಿ. ಎಂ-ಸ್ಯಾಂಡ್ ಮಾತ್ರ ಬೇಡ. ಅದು ಕಲ್ಲು ಒಡೆದು ಮಾಡಿದ್ದು, ಚೂರುಗಳು ಮೊನಚು, ದೂಳೂ ಜಾಸ್ತಿ. ನೀರು ಬಿದ್ದರೆ ಗಂಟುಕಟ್ಟುವ, ಬೆಕ್ಕಿನ ಮಲಮೂತ್ರದ ತಟ್ಟೆಗೆ ಹಾಕುವ ಪುಡಿ (ಲಿಟರ್) ಇನ್ನೂ ಅಪಾಯ: ಹ್ಯಾಮ್‌ಸ್ಟರ್ ಅದನ್ನು ಕೆನ್ನೆಚೀಲಕ್ಕೆ ತುಂಬಿಕೊಂಡರೆ ಒಳಗೇ ಗಟ್ಟಿಯಾಗುತ್ತದೆ.

ಮೊದಲ ದಿನ ಉಚ್ಚೆಯಲ್ಲಿ ನೆನೆದ ಹಾಸು ಒಂದು ಚಿಟಿಕೆ ಮರಳಿನ ಮೇಲಿಡಿ. ಆ ವಾಸನೆ ಹಿಡಿದು ಬಹುತೇಕ ಅಲ್ಲಿಗೇ ಬರುತ್ತದೆ. ದಿನಾ ಬೆಳಿಗ್ಗೆ ಹಳೆಯ ಚಮಚದಲ್ಲಿ ಒದ್ದೆಗಂಟು ಎತ್ತಿ, ಹಿಕ್ಕೆಯನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿ ತೆಗೆದರೆ ಎರಡು ನಿಮಿಷದ ಕೆಲಸ. ಮರಳು ಪೂರ್ತಿ ಬದಲಾಯಿಸುವುದು 7–10 ದಿನಕ್ಕೊಮ್ಮೆ. ಮೈ ಸ್ವಚ್ಛ ಮಾಡಿಕೊಳ್ಳಲೂ ಮರಳಿನಲ್ಲೇ ಹೊರಳಾಡುತ್ತದೆ, ಅದಕ್ಕೆ ಬೇರೆ ಬಟ್ಟಲು ಕೊಟ್ಟರೆ ಒಳ್ಳೆಯದು. ನೀರು ಸ್ನಾನ ಮಾಡಿಸಲೇಬೇಡಿ. ತುಪ್ಪಳದ ಎಣ್ಣೆಯಂಶ ಹೋಗಿ ಚಳಿ ಹಿಡಿಯುತ್ತದೆ.

ಇನ್ನು ಹಾಸು. ಅಂಗಡಿಯವರು ಕೊಡುವ ಒಂದಡಿ ಪಂಜರದಲ್ಲಿ ಎರಡು ಬೆರಳು ದಪ್ಪ ಹಾಸು ಹಾಕಿದರೆ ಎರಡೇ ದಿನಕ್ಕೆ ನಾರುತ್ತದೆ, ಏಕೆಂದರೆ ಹೀರಿಕೊಳ್ಳಲು ಅಲ್ಲಿ ಏನೂ ಇಲ್ಲ. ತಳ ಸುಮಾರು 100 × 50 ಸೆಂ.ಮೀ., ಹಾಸು 20 ಸೆಂ.ಮೀ. ಆಳ ಇದ್ದರೆ ಒಟ್ಟು 100 ಲೀಟರ್ ಹಾಸು ಹಿಡಿಯುತ್ತದೆ. ಮೊದಲ ಸಲ ಖರ್ಚು ಹೆಚ್ಚು, ನಿಜ, ಆದರೆ ಮುಂದೆ ವಾರಕ್ಕೆ ಎರಡು ಮೂರು ಹಿಡಿ ತೆಗೆದು ಅಷ್ಟೇ ಹೊಸದು ಸೇರಿಸಿದರೆ ಸಾಕು. ಮೇಲ್ಮುಚ್ಚಳ ಜಾಲರಿಯದೇ ಇರಲಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಎಂಥ ಹಾಸೂ ಸೋಲುತ್ತದೆ.

ಹಾಸಿಗೆ ಕಾಗದದ ತಿರುಳಿನದ್ದು ಅಥವಾ ಬಿಸಿಗಾಳಿಯ ಕೋಣೆಯಲ್ಲಿ (ಕಿಲ್ನ್) ಒಣಗಿಸಿದ, ದೂಳು ತೆಗೆದ, ಮರ ಹೆರೆದಾಗ ಬರುವ ತೆಳು ಸಿಪ್ಪೆ ಒಳ್ಳೆಯದು. ಟಿಂಬರ್ ಡಿಪೋದ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರಲ್ಲಿ ತೇಗ, ಪ್ಲೈವುಡ್, ಅಂಟು ಎಲ್ಲ ಬೆರೆತಿರುತ್ತದೆ, ನುಣ್ಣನೆ ಪುಡಿ ಹ್ಯಾಮ್‌ಸ್ಟರ್‌ನ ಶ್ವಾಸಕೋಶಕ್ಕೆ ಇಳಿಯುತ್ತದೆ. ದೇವದಾರು ಜಾತಿಯ ಘಮಘಮಿಸುವ ಸಿಪ್ಪೆ ನಮ್ಮ ಮೂಗಿಗೆ ಹಿತ, ಅದರ ಉಸಿರಿಗೆ ಕೆಡುಕು. ಭತ್ತದ ಹೊಟ್ಟು ಹೆಚ್ಚು ಹೀರುವುದಿಲ್ಲ, ಉಚ್ಚೆ ಸೋರಿ ತಳದಲ್ಲಿ ನಿಲ್ಲುತ್ತದೆ. ಮುಸುಕಿನ ಜೋಳದ ದಿಂಡಿನ ಚೂರು ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ.

ವಾಸನೆ ಬಂತೆಂದು ಪ್ರತಿ ಭಾನುವಾರ ಹಾಸನ್ನೆಲ್ಲ ಸುರಿದು ಗೂಡನ್ನು ತಿಕ್ಕಿ ತೊಳೆಯುವವರೇ ಹೆಚ್ಚು. ಇದರಿಂದ ವಾಸನೆ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಸಿರಿಯನ್ ಹ್ಯಾಮ್‌ಸ್ಟರ್‌ಗೆ ಎರಡೂ ಪಕ್ಕೆಯಲ್ಲಿ, ಕುಳ್ಳ ಜಾತಿಗಳಿಗೆ ಹೊಟ್ಟೆಯ ನಡುವೆ ವಾಸನೆಯ ಗ್ರಂಥಿ ಇದೆ. ಈ ಜಾಗ ನನ್ನದು ಎಂಬ ಗುರುತು ಅಳಿಸಿಹೋದರೆ ದಿಗಿಲುಬಿದ್ದು ಎಲ್ಲೆಡೆ ಮತ್ತೆ ಗುರುತು ಹಾಕುತ್ತದೆ. ಅದಕ್ಕೆ ಒಣಗಿರುವ ಹಳೆಯ ಹಾಸನ್ನು, ಮುಖ್ಯವಾಗಿ ಮಲಗುವ ಗೂಡಿನದನ್ನು, ಉಳಿಸಿಕೊಳ್ಳಿ. ದೊಡ್ಡ ಶುಚಿ ಮಾಡಿದರೂ ತಿಂಗಳು ಒಂದೂವರೆ ತಿಂಗಳಿಗೊಮ್ಮೆ, ಅರ್ಧದಷ್ಟನ್ನು ಮಾತ್ರ ಬದಲಿಸಿ.

ಮರೆತುಹೋಗುವ ಜಾಗ ಓಡುವ ಚಕ್ರ. ಓಡುತ್ತಲೇ ಉಚ್ಚೆ ಹೊಯ್ಯುವುದರಿಂದ ಚಕ್ರದ ಗೀರುಗಳಲ್ಲಿ ಬೆಳ್ಳಗೆ ಹೆಪ್ಪು ಕಟ್ಟುತ್ತದೆ, ಹಿಂದಿನ ಗೋಡೆಗೂ ಸಿಡಿದಿರುತ್ತದೆ. ಗೋಬಿ ಮಂಚೂರಿಗೆ ಹಾಕುವ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಆ ಬಿಳಿ ಕಲೆಯ ಮೇಲೆ ಸುರಿದು ಹದಿನೈದು ನಿಮಿಷ ಬಿಡಿ. ಸಣ್ಣ ಗುಳ್ಳೆ ಎದ್ದು ಸುಣ್ಣ ಸಡಿಲಾಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ. ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಬ್ಲೀಚಿಂಗ್ ಪೌಡರ್ ಬೇಡ. ಅದು ವಿನೆಗರ್ ಜೊತೆಗೂ ಅಮೋನಿಯಾ ಜೊತೆಗೂ ಸೇರಿ ವಿಷದ ಅನಿಲ ಬಿಡುತ್ತದೆ. ಫಿನಾಯಿಲ್, ಊದುಬತ್ತಿ, ಕರ್ಪೂರ, ನುಸಿಗುಳಿಗೆ, ರೂಮ್ ಫ್ರೆಶ್ನರ್ ಯಾವುದನ್ನೂ ಗೂಡಿನ ಹತ್ತಿರ ತರಬೇಡಿ.

ಮೂಗನ್ನು ಹಾಸಿನ ಮಟ್ಟಕ್ಕೆ ತಂದು ಮೂಸಿ. ಹ್ಯಾಮ್‌ಸ್ಟರ್ ಉಸಿರಾಡುವುದು ಅಲ್ಲೇ. ಮನೆಯಲ್ಲೇ ಇದ್ದರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಹೊರಗೆ ಹೋಗಿ ಬಂದ ಕೂಡಲೇ ನೋಡುವುದು ಸರಿ. ಮೂಗಿಗೆ ಚುಚ್ಚುವ ಘಾಟಾದರೆ ಉಚ್ಚೆ. ಕೊಳೆತ ಹುಳಿ ವಾಸನೆಯಾದರೆ ಬಚ್ಚಿಟ್ಟ ತಿಂಡಿ: ಸೌತೆಕಾಯಿ, ಬೇಯಿಸಿದ ಮೊಟ್ಟೆ, ಪನೀರ್ ಎಲ್ಲವನ್ನೂ ಗೂಡಿನೊಳಗೆ ಕೂಡಿಡುತ್ತದೆ. ಇರುವೆ ಸಾಲು ಎಲ್ಲಿಗೆ ಹೋಗುತ್ತಿದೆ ನೋಡಿದರೆ ಜಾಗ ಸಿಕ್ಕಿಬಿಡುತ್ತದೆ. ಹಸಿ ತರಕಾರಿ ಹೆಬ್ಬೆರಳ ಉಗುರಿನಷ್ಟೇ ಸಂಜೆ ಕೊಟ್ಟು, ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ. ಒಣ ಕಾಳು ಕೂಡಿಟ್ಟಿದ್ದರೆ ಮುಟ್ಟಬೇಡಿ, ಅದು ನಾರುವುದಿಲ್ಲ, ಕಳೆದುಕೊಂಡರೆ ಅದಕ್ಕೆ ಸಂಕಟ. ಇರುವೆಗೆ ವಿಷದ ಸೀಮೆಸುಣ್ಣ ಗೀಚುವ ಬದಲು ಗೂಡಿಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ.

ಮುಗ್ಗಲು ವಾಸನೆಯಾದರೆ ಬಹುಪಾಲು ನೀರಿನ ಬಾಟಲಿ ಸೋರಿದೆ. ಬಾಟಲಿಯಲ್ಲಿ ನೀರು ಕಡಿಮೆಯಿದ್ದಾಗ ಒಳಗಿನ ಗಾಳಿ ಮಧ್ಯಾಹ್ನದ ಸೆಕೆಗೆ ಹಿಗ್ಗಿ ನೀರನ್ನು ಹೊರದೂಡುತ್ತದೆ. ದಿನಾ ತುಂಬ ತುಂಬಿಸಿಟ್ಟರೆ ಇದು ಕಡಿಮೆ. ನಳಿಕೆ ಹಾಸಿಗೆ ತಾಗಿದರೂ ಸೋರುತ್ತದೆ, 5 ಸೆಂ.ಮೀ. ಮೇಲಿರಲಿ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಸೋರದಿದ್ದರೂ ಹಾಸು ಗಾಳಿಯ ತೇವವನ್ನೇ ಹೀರುತ್ತದೆ. ಅಲ್ಲಿನವರು ಮೇ ಬಿಸಿಲಲ್ಲೇ ಹಾಸು, ಮರಳು ಒಣಗಿಸಿ ಗಾಳಿ ಹೋಗದ ಡಬ್ಬಕ್ಕೆ ತುಂಬಿಟ್ಟುಕೊಳ್ಳಬೇಕು, ಮರಳನ್ನು ನಾಲ್ಕೈದು ದಿನಕ್ಕೇ ಬದಲಿಸಬೇಕು. ಸಾಕುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಹೆಚ್ಚಾಗಿ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಹಿಡಿದ ಒಂದೇ ಸಂಸಾರದ ಸಂತಾನ. ಒಣನೆಲದ ಜೀವ ಇದು, ನಮ್ಮ ಕರಾವಳಿ ಮಳೆಗಾಲ ಇದಕ್ಕೆ ಹುಟ್ಟಿನಿಂದ ಬಂದದ್ದಲ್ಲ.

ಹೆಣ್ಣು ಸಿರಿಯನ್‌ನಿಂದ ನಾಲ್ಕು ದಿನಕ್ಕೊಮ್ಮೆ ಸಂಜೆ ದಟ್ಟ ವಾಸನೆ ಬಂದು ಮರುದಿನ ಹೋದರೆ ಅದು ಬೆದೆ. ಅದಕ್ಕೆ ಮಾಡಬೇಕಾದ್ದೇನೂ ಇಲ್ಲ. ಆದರೆ ವಾಸನೆ ಹೋಗದೆ, ಕೆಳಗಿನಿಂದ ಕೀವಿನಂಥದ್ದು ಸೋರುತ್ತಿದ್ದರೆ ಗರ್ಭಕೋಶದ ಸೋಂಕಿರಬಹುದು. ಕೆನ್ನೆಯ ಕಡೆಯಿಂದ ದುರ್ವಾಸನೆ ಬಂದು ಊದಿಕೊಂಡಿದ್ದರೆ ಕೆನ್ನೆಚೀಲದಲ್ಲಿ ಏನೋ ಸಿಕ್ಕಿ ಕೀವಾಗಿರಬಹುದು. ಕುಳ್ಳ ಜಾತಿಯದು ವಿಪರೀತ ನೀರು ಕುಡಿದು, ಉಚ್ಚೆ ಉಗುರುಬಣ್ಣ ಅಳಿಸುವ ದ್ರವದಂತೆ ನಾತ ಬಂದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಬಾಲದ ಬುಡ ಒದ್ದೆಯಾಗಿ ಅಂಟಂಟಾಗಿ, ಗಬ್ಬು ನಾತ ಹೊಡೆದು, ಮರಿ ಮುದುಡಿ ಕುಳಿತಿದ್ದರೆ ಅದು ಭೇದಿ. ಎರಡು ದಿನದಲ್ಲಿ ಜೀವ ಹೋಗಬಹುದು, ಸಂಜೆಯವರೆಗೂ ಕಾಯದೆ ಸಣ್ಣ ಪ್ರಾಣಿ ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ. ಗೂಡಿನ ಕೆಲಸವಾದ ಮೇಲೆ ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ. ಮನೆಯಲ್ಲಿ ಬಸುರಿಯರಿದ್ದರೆ ಹಾಸು ತೆಗೆಯುವ ಕೆಲಸ ಬೇರೆಯವರೇ ಮಾಡಲಿ, ಇದರ ಉಚ್ಚೆಯಲ್ಲಿ ಬರಬಹುದಾದ ಒಂದು ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರುತ್ತದೆ.