ಭೀಮನ ಕಣ್ಣ ಸುತ್ತಿನ ಹಕ್ಕಳೆ

ಭೀಮ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಜರ್ಮನ್ ಶೆಫರ್ಡ್ ಮರಿ. ಕಲಬುರಗಿಯಲ್ಲಿ ನಾವು ಉಣ್ಣುವುದನ್ನೇ ಅವನಿಗೂ ಹಾಕಿದೆವು: ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ತೊಗರಿಬೇಳೆ ಕಲಸಿದ ಅನ್ನ. ದೊಡ್ಡ ಜಾತಿಯ ನಾಯಿ, ಎಲುಬು ಗಟ್ಟಿಯಾಗಲಿ ಅಂತ ದಿನಕ್ಕೆರಡು ಸಲ ಕ್ಯಾಲ್ಸಿಯಂ ಸಿರಪ್ಪನ್ನೂ ತಪ್ಪದೆ ಕುಡಿಸಿದೆ.

ಐದನೇ ತಿಂಗಳಿಗೆ ಕಣ್ಣ ಸುತ್ತ ಕೂದಲು ಉದುರಿ ಬೂದು ಹಕ್ಕಳೆ ಕಟ್ಟತೊಡಗಿತು. ಆಮೇಲೆ ತುಟಿಯಂಚು, ಮೊಣಕೈ. ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹಕ್ಕಳೆ ಕೂದಲು ಸಮೇತ ಎದ್ದು ಬರುತ್ತಿತ್ತು, ಅಡಿಯಲ್ಲಿ ಹಸಿ ಕೆಂಪು. ಅಂಗಾಲಿನ ಮೆತ್ತೆಗಳು ಬೇಸಿಗೆಯ ಎರೆ ಹೊಲದಂತೆ ಬಿರಿದಿದ್ದವು. ಬಿಸಿಲಿಗೆ ಕಾದ ಫರಸಿಕಲ್ಲಿನ ಮೇಲೆ ಕಾಲೂರಲಾರದೆ ನಿಂತಲ್ಲೇ ನಿಲ್ಲುತ್ತಿದ್ದ.

"ಕಜ್ಜಿ ಅದರಿ, ಬೇವಿನೆಣ್ಣಿ ಹಚ್ರಿ" ಅಂದರು ಓಣಿಯವರು. ಹಚ್ಚಿದೆ. ಒಂದು ಕಡೆ ತೋರಿಸಿದರೆ, ಚರ್ಮ ಪರೀಕ್ಷಿಸದೆಯೇ ವಾರಕ್ಕೊಂದರಂತೆ ಮೂರು ಕಜ್ಜಿ ಇಂಜೆಕ್ಷನ್ ಚುಚ್ಚಿದರು. ಗುಣವಾಗಲಿಲ್ಲ. ನನ್ನ ತಲೆ ಕೊರೆಯುತ್ತಿದ್ದದ್ದು ಒಂದೇ: ಕಜ್ಜಿಯಾದ ನಾಯಿ ರಾತ್ರಿಯಿಡೀ ಕೆರೆದುಕೊಳ್ಳುತ್ತದೆ, ಭೀಮ ಕೆರೆದುಕೊಳ್ಳುತ್ತಲೇ ಇರಲಿಲ್ಲ. ಅದೂ ಅಲ್ಲದೆ ಎಡಕ್ಕಿದ್ದದ್ದೇ ಬಲಕ್ಕೂ, ಅಚ್ಚೊತ್ತಿದ ಹಾಗೆ.

ಹುಮನಾಬಾದ್ ಮೇಲಿಂದ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಹುಳು ಇಲ್ಲ. ಶಿಲೀಂಧ್ರವೂ ಇಲ್ಲ. ಮೊಣಕೈಯಿಂದ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡಿದಾಗ, ದಪ್ಪಗಟ್ಟಿದ ಹೊರಪದರದ ಸತ್ತ ಕೋಶಗಳಲ್ಲಿ ಕೋಶಕೇಂದ್ರ ಹಾಗೇ ಉಳಿದಿತ್ತು. ಪ್ಯಾರಾಕೆರಟೋಸಿಸ್. ಜಿಂಕ್ ಸಾಲದೆ ಬಂದ ರೋಗ ಅಂದರು.

ಡಾಕ್ಟರು ಊಟದ ಪಟ್ಟಿ ಕೇಳಿ ಬಿಡಿಸಿ ಹೇಳಿದರು. ಜೋಳ, ಬೇಳೆಯಲ್ಲಿ ಜಿಂಕ್ ಇಲ್ಲವೆಂದಲ್ಲ. ಅದರ ಜೊತೆಗೇ ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಕರುಳಿನಲ್ಲಿ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಕ್ಯಾಲ್ಸಿಯಂ ಹೆಚ್ಚಾದರೆ ಹಿಡಿತ ಇನ್ನೂ ಬಿಗಿ. ಭರದಿಂದ ಬೆಳೆಯುವ ದೊಡ್ಡ ಜಾತಿಯ ಮರಿಗೆ ಕೊರತೆ ಬೇಗ ತಟ್ಟುತ್ತದೆ. ಮಗುವೆಂದು ಪ್ರೀತಿಯಿಂದ ಕುಡಿಸಿದ ಸಿರಪ್ಪೇ ಹೀಗೆ ಮಾಡಿತೆಂದು ಕೇಳಿ ಕರುಳು ಚುರುಕ್ಕೆಂದಿತು. ಅವತ್ತೇ ನಿಲ್ಲಿಸಿದೆ.

ಕೆಜಿ ತೂಕಕ್ಕೆ 2 ಮಿಲಿಗ್ರಾಂ ಜಿಂಕ್ ಲೆಕ್ಕ. ಭೀಮ 20 ಕೆಜಿ ಇದ್ದ. ಮಕ್ಕಳಿಗೆ ಭೇದಿಯಾದಾಗ ಕೊಡುವ 20 ಮಿಲಿಗ್ರಾಂನ ಮಾತ್ರೆ ದಿನಕ್ಕೆರಡು. ಮೊದಲ ದಿನ ಖಾಲಿ ಹೊಟ್ಟೆಗೆ ಕೊಟ್ಟು ವಾಂತಿಯಾಯಿತು. ಮರುದಿನದಿಂದ ಕೈಮಾದ ಉಂಡೆಯೊಳಗೆ ಮುಚ್ಚಿಟ್ಟೆ. ಬೇಗ ಗುಣವಾಗಲೆಂದು ಪ್ರಮಾಣ ಏರಿಸಬಾರದು: ಜಿಂಕ್ ಮಿತಿಮೀರಿದರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಹಸ್ಕಿ ಸಾಕಿದವರ ಮಾತು ಬೇರೆ. ಆ ತಳಿಯ ಕೆಲವು ನಾಯಿಗಳ ಕರುಳು ಹುಟ್ಟಿನಿಂದಲೇ ಜಿಂಕನ್ನು ಸರಿಯಾಗಿ ಹೀರುವುದಿಲ್ಲ, ಬಹುತೇಕ ಜೀವನಪೂರ್ತಿ ಮಾತ್ರೆ ಬೇಕು.

ಹತ್ತು ದಿನಕ್ಕೆ ಹಕ್ಕಳೆ ತಾನಾಗಿ ಕಳಚತೊಡಗಿತು. ನಾಲ್ಕನೇ ವಾರ ಕಣ್ಣ ಸುತ್ತ ನುಣ್ಣನೆ ಕರಿಗೂದಲು. ಅಂಗಾಲು ಕೂಡಿಕೊಂಡದ್ದು ಎಲ್ಲಕ್ಕಿಂತ ಕೊನೆಗೆ.

ರೊಟ್ಟಿ ಪೂರ್ತಿ ಬಿಡಿಸಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ಬಂದು ಕೂರುತ್ತಾನೆ, ಒಂದು ಚೂರು ಸಿಗುತ್ತದೆ. ಅವನ ತಾಟಿನಲ್ಲಿ ಈಗ ಕೈಮಾ, ಮೊಟ್ಟೆ, ವಾರಕ್ಕೊಮ್ಮೆ ಕಲೇಜಿ.